ಗಾಜಿನ ಕುರಿಗಳು

ಅಮೋಲ ಬೀಸಿ ಒಗೆದ ಕಲ್ಲು ಛಾಯಾಳ ಮನೆಯ ಮೇಲಿನ ಫೈಬರ್ ಪತ್ರಾ ತೂತು ಮಾಡಿತು. ಒಗೆದವಳು ಛಾಯಾ ಎಂದು ಅಮೋಲ ಓಣಿಗೆಲ್ಲ ಹೇಳಿದ. ಓಣಿ ನಂಬಿತು.

ಛಾಯಾ ಅಪ್ಪನ ಮಗ್ಗದ ಕೋಣೆಯಲ್ಲಿ ಅಂಗಾತ ಮಲಗಿದ್ದಳು. ಆ ಕೋಣೆಗೆ ಕಿಟಕಿಯಿಲ್ಲ. ಚಾವಣಿಯ ತಗಡುಗಳ ನಡುವೆ ಕೂರಿಸಿದ, ಬೆಳಕು ಹಾಯುವ ಆ ಒಂದು ಫೈಬರ್ ಪತ್ರಾದಿಂದಲೇ ಬೆಳಕು. ಈಗ ತೂತಿನಿಂದ ಬಿಸಿಲಿನದೊಂದು ಕೋಲು ಇಳಿದಿತ್ತು. ಅದರೊಳಗೆ ಉಣ್ಣೆಯ ಧೂಳು ಈಜಾಡುತ್ತಿತ್ತು. ನೆಲದ ಮೇಲೆ ಅಂಗೈಯಷ್ಟು ಬೆಳಕು ಮೆಲ್ಲಗೆ ತೆವಳುತ್ತ ಮಗ್ಗದ ಕಡೆ ಹೊರಟಿತ್ತು. ಛಾಯಾ ಕಾಲು ಚಾಚಿದಳು. ಬೆಳಕು ಅವಳ ಹೆಬ್ಬೆರಳು ಹತ್ತಿ ಕೂತಿತು.

"ಏಳ ಬೇ, ಹಗಲಾಗ ಏನ್ ಕನಸ ಕಾಣ್ತಿ?" ಅಜ್ಜಿ ಹಣಮವ್ವ ನೂಲುತ್ತಲೇ ಗದರಿದಳು. "ಇವತ್ತ ಬಿಸಲು ಬಿತ್ತು. ನಾಳಿ ಮಳಿ ಬಿದ್ರ ಕಂಬಳಿ ಎಲ್ಲಾ ತೊಯ್ತದ."

"ಅಜ್ಜಿ, ಅಮೋಲ ಚೀಟಿಂಗ್ ಮಾಡ್ಯಾನ."

ಅಜ್ಜಿ ಉತ್ತರ ಕೊಡುವಷ್ಟರಲ್ಲಿ ಅಪ್ಪ ಬಂಡೆಪ್ಪ ಅಕ್ಕಲಕೋಟೆಯ ಪೇಟೆಯಿಂದ ಚೀಲ ಹಿಡಿದು ಬಂದ. ಸ್ಕ್ರೂ ಬಿಚ್ಚಿ ಪತ್ರಾ ಕೆಳಗಿಳಿಸಿದ. ಅಂಗಳದಲ್ಲಿಟ್ಟು ತೊಳೆದು ಒಣಗಿಸಿ, ತೂತಿನ ಸುತ್ತ ಪಾಲಿಶ್ ಪೇಪರಿನಿಂದ ಉಜ್ಜಿದ. ಆಮೇಲೆ ಚೀಲದಿಂದ ಬೆಳ್ಳನೆಯ, ಮೆತ್ತಗೆ ಕಾಣುವ ಹಾಸೊಂದನ್ನು ಹೊರತೆಗೆದ.

ಕಣ್ಣಿಗೆ ಮೋಸವಾಗಬಹುದು, ಗಲ್ಲಕ್ಕೆ ಆಗುವುದಿಲ್ಲ ಎನ್ನುವವಳು ಅಜ್ಜಿ. ಯಾವ ಉಣ್ಣೆ ಬರಲಿ, ಕಣ್ಣು ಮುಚ್ಚಿ ಗಲ್ಲಕ್ಕೆ ಹಚ್ಚಿ ನೋಡಿಯೇ ಅದರ ಜಾತಕ ಹೇಳುತ್ತಿದ್ದಳು.

"ಅಯ್ಯ, ಹಾಲಿನಂಗ ಅದಲ್ಲೋ! ಯಾವ ಕುರೀದೋ ಇದು?"

"ಅವ್ವಾ, ಬ್ಯಾಡ!" ಎನ್ನುವುದರೊಳಗೆ ಅಜ್ಜಿ ಅದನ್ನು ಗಲ್ಲಕ್ಕೆ ತಿಕ್ಕಿಕೊಂಡಾಗಿತ್ತು.

"ಅಯ್ಯಯ್ಯೋ, ಕಡಿತದೋ! ಇದು ಕುರಿಯೋ ಮುಳ್ಳಹಂದಿಯೋ?"

"ಗಾಜಿಂದು, ಅವ್ವಾ. ಗಾಜಿನ ಎಳಿ. ತಿಕ್ಕಬ್ಯಾಡ, ನೀರು ಹಾಕು!"

ಅಜ್ಜಿ ಕೊಡದ ಕಡೆ ಓಡಿದಳು. ಛಾಯಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತ ನಗುತ್ತ ಅವಳ ಕಣ್ಣ ಮುಂದೆ ಗಾಜಿನ ಕುರಿಗಳು ಬಂದವು. ಮೋಡದಾಚೆ ಮೇಯುತ್ತಿದ್ದವು. ನಡೆದರೆ ಕಿಣಿಕಿಣಿ ಸದ್ದು. ಆ ಬಯಲು ಯಾರ ಹೊಲವೂ ಅಲ್ಲ. 'ಏ, ಆಚೆ ಹೊಡಿ' ಅನ್ನುವವರು ಅಲ್ಲಿರಲಿಲ್ಲ.

ಅಪ್ಪ ಕೈಗವಸು ತೊಟ್ಟು, ತೂತಿಗಿಂತ ದೊಡ್ಡದಾಗಿ ಹಾಸು ಕತ್ತರಿಸಿದ. ಅಂಟಿನಂಥ ರೆಸಿನ್‌ಗೆ ಅದನ್ನು ಗಟ್ಟಿಯಾಗಿಸುವ ಹಾರ್ಡ್‌ನರ್ ಕಲಸಿದ. ಮೂಗಿಗೆ ಖಾರದಂಥ ವಾಸನೆ ಬಡಿಯಿತು. ಹಾಸನ್ನು ತೂತಿನ ಮೇಲಿಟ್ಟು ಬ್ರಶ್ಶಿನಿಂದ ಕುಟ್ಟಿ ಕುಟ್ಟಿ ಹಚ್ಚಿದಂತೆಲ್ಲ ಅದರ ಬಿಳಿ ಬಣ್ಣ ಕರಗುತ್ತ ಬಂತು.

"ಅಪ್ಪಾ, ಕುರಿ ಎಲ್ಲಿ ಹೋದ್ವು?"

"ರೆಸಿನ್ ಕುಡದ್ವು. ಬೆಳಕಾದ್ವು," ಅಂದ ಅಪ್ಪ.

ಅಷ್ಟರಲ್ಲಿ ಅಂಗಳದ ಬಾಯಿಗೆ ಅಮೋಲನ ತಾಯಿ ಲೀಲಾಬಾಯಿ ಬಂದು ನಿಂತಳು. ಹಿಂದೆ ಅಮೋಲ.

"ಬಂಡೆಪ್ಪಾ, ನಿನ್ನ ಮಗಳು ಉಗಾಚ, ಸುಮ್ಮಸುಮ್ಮನ, ನಮ್ಮ ಅಮೋಲನ ಹೆಸರು ಹೇಳಾಕತ್ತಾಳಂತ. ತಾನೇ ಒಗದೀನಿ ಅಂತ ಈಗ, ಇಲ್ಲೇ ಅನ್ನಲಿ. ನಿಮ್ಮ ಕುರಿ ರಾತ್ರಿ ಯಾರ ಹೊಲದಾಗ ಮಲಗ್ತಾವ, ನೆಪ್ಪದ ಇಲ್ಲೋ?"

ಅಪ್ಪನ ಬ್ರಶ್ ನಿಂತಿತು. "ನೆಪ್ಪದ ರೀ, ಬಾಯಾರ."

ಆಮೇಲೆ ಛಾಯಾಳ ಮುಖ ನೋಡದೆ ಮೆಲ್ಲಗೆ ಹೇಳಿದ: "ಅಂದ್ಬಿಡವ್ವ. ಒಂದ್ ಮಾತು, ಅಷ್ಟ."

"ನಾ ಒಗದಿಲ್ಲಪ್ಪಾ."

ಅಜ್ಜಿ ಹಸಿ ಮುಖದಲ್ಲೇ ಬಂದಳು. ಬಗ್ಗಿ, ಕಡಿತವಿಲ್ಲದ ಗಲ್ಲವನ್ನು ಮೊಮ್ಮಗಳ ಗಲ್ಲಕ್ಕೆ ಹಚ್ಚಿದಳು. ಉಣ್ಣೆ ನೋಡುವಾಗಿನಂತೆ ಕಣ್ಣು ಮುಚ್ಚಿದಳು.

"ಖರೇ ಅದ," ಅಂದಳು.

ಛಾಯಾ ಪತ್ರಾ ನೋಡಿದಳು. ತೂತು ಮುಚ್ಚಿತ್ತು. ಆದರೆ ತೇಪೆಯ ಅಂಚು ಸುತ್ತಲೂ ಕಾಣುತ್ತಿತ್ತು. ಅಮೋಲನೂ ಅದನ್ನೇ ನೋಡುತ್ತಿದ್ದ. ಅವಳ ಕಣ್ಣಿಗೆ ಕಣ್ಣು ಸಿಕ್ಕಿದ್ದೇ ತಲೆ ತಗ್ಗಿಸಿದ.

"ಏನ್ ನೋಡ್ತಿ? ಅನ್ನು!" ಲೀಲಾಬಾಯಿ ಧ್ವನಿ ಏರಿಸಿದಳು.

ಹೊಳೆಯ ದಿಕ್ಕಿನಿಂದ ಅಪ್ಪನ ಕುರಿಗಳ ಕೂಗು ಕೇಳಿಸಿತು. ಛಾಯಾ ಅಪ್ಪನ ಅಂಗಿಯ ತುದಿ ಹಿಡಿದುಕೊಂಡಳು.

"ಒಲ್ಲೆ," ಅಂದಳು.