ಪೆಟ್ಟಿಗೆ ಹೊತ್ತವರ ಮುಖ

“ಅಣ್ಣಾ, ಅಲ್ಲಾಡಬೇಡ! ಇನ್ನು ಐದೇ ನಿಮಿಷ.”

“ಅರ್ಧ ಗಂಟೆಯಿಂದ ಅದೇ ಐದು ನಿಮಿಷ ನಡೀತಿದೆಯಲ್ಲೇ! ಕತ್ತು ಬಿದ್ದುಹೋಗ್ತಿದೆ ಕಣೇ.”

ನಡುಮನೆಯಲ್ಲಿ ಮೊಂಡಿಯ ಅಪ್ಪ ತಲೆಯ ಮೇಲೆ ಟ್ರಂಕು ಹೊತ್ತು ನಿಂತಿದ್ದ. ಬಸ್ ಡ್ರೈವರ್ ಅಪ್ಪನಿಗೆ ವಾರಕ್ಕೆ ಭಾನುವಾರವೊಂದೇ ರಜೆ. ಎದುರಿಗೆ ಆಳೆತ್ತರದ ಕ್ಯಾನ್ವಾಸ್. ಅದರ ಮುಂದೆ ಅಪ್ಪನ ತಂಗಿ, ಕಲಾವಿದೆ ಅತ್ತೆ, ಬ್ರಷ್ ಹಿಡಿದು ಕೂತಿದ್ದಳು.

ಮೊಂಡಿ ಬಾಗಿಲಿಗೊರಗಿ ನಗುತ್ತಿದ್ದಳು. ಅವಳ ನಿಜವಾದ ಹೆಸರು ಶಾಲೆಯ ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು.

ಊರಿನ ಮ್ಯೂಸಿಯಂನಲ್ಲಿ ಗೋಡೆ ತುಂಬುವಷ್ಟು ದೊಡ್ಡ ಹಳೆಯ ಚಿತ್ರವೊಂದಿದೆ. ಪರದೇಶದಿಂದ ಬಂದು ಈ ನಾಡನ್ನು ಆಳಿದವರು ಬರೆಸಿದ್ದು. ಕೆಂಪು ಕೋಟಿನ ಸಾಹೇಬ ಹಡಗಿನಿಂದ ಇಳಿಯುತ್ತಿದ್ದಾನೆ. ಅವನ ಹಿಂದೆ ಪೆಟ್ಟಿಗೆ ಹೊತ್ತ ಆರು ಜನ, ಇಲ್ಲಿಯವರು. ಸಾಹೇಬನ ನಾಯಿಗೂ ಕಣ್ಣು, ಮೂಗು, ನಾಲಿಗೆ ಎಲ್ಲ ಇವೆ. ಈ ಆರು ಜನರ ಮುಖಕ್ಕೆ ಮಾತ್ರ ಬರೀ ಕಂದು ಬಣ್ಣ ಮೆತ್ತಿಬಿಟ್ಟಿದ್ದಾರೆ.

ಅತ್ತೆ ಅದೇ ಚಿತ್ರವನ್ನು ಬೇರೆ ಥರ ಬರೆಯುತ್ತಿದ್ದಳು. ಅವಳ ಕ್ಯಾನ್ವಾಸಿನಲ್ಲಿ ಸಾಹೇಬ ಮೂಲೆಯಲ್ಲಿ ಹೆಬ್ಬೆರಳಿನಷ್ಟಿದ್ದ. ಪೆಟ್ಟಿಗೆ ಹೊತ್ತವನೇ ನಡುವೆ. ಮುಗಿದ ಮೇಲೆ ಅದು ಹಳೆಯ ಚಿತ್ರದ ಎದುರು ಗೋಡೆಗೇ ಹೋಗುವುದಿತ್ತು.

“ಅತ್ತೆ, ಇದು ಅಪ್ಪ ಅಲ್ಲ,” ಎಂದಳು ಮೊಂಡಿ.

“ಯಾಕಮ್ಮಾ?”

“ಇವನು ಸಿಟ್ಟಲ್ಲಿ ಹಲ್ಲು ಕಚ್ಚಿದಾನೆ. ಅಪ್ಪಂಗೆ ಸಿಟ್ಟೆಲ್ಲಿದೆ? ಯಾವಾಗ ಇಳಿಸ್ತೀನೋ ಅಂತ ಕಾಯ್ತಿದಾನೆ.”

“ಹಾಗೆ ಹೇಳು ಮಗಳೇ!” ಎಂದ ಅಪ್ಪ, ಟ್ರಂಕಿನ ಕೆಳಗಿನಿಂದ.

ಅತ್ತೆ ಅಪ್ಪನನ್ನು ನೋಡಿದಳು, ಚಿತ್ರವನ್ನು ನೋಡಿದಳು. ಆಮೇಲೆ ಆ ಮುಖದ ಹಸಿ ಬಣ್ಣವನ್ನು ಕೆರೆದು ತೆಗೆದಳು.

ಮರುದಿನ ಡ್ರಾಯಿಂಗ್ ಸರ್ ಮಕ್ಕಳಿಗೆ ಆ ಹಳೆಯ ಚಿತ್ರದ್ದೇ ಫೋಟೋ ಹಂಚಿದರು. “ನೋಡ್ಕೊಂಡು ಹಾಗೇ ಬರೀರಿ. ಎಲ್ಲಕ್ಕಿಂತ ಚೆನ್ನಾಗಿರೋದು ನಮ್ಮ ಶಾಲೆ ಹಾಲ್‌ಗೆ ಹೋಗುತ್ತೆ.”

ಹೋದ ವರ್ಷ ಮೊಂಡಿಗೆ ಒಂದೇ ಮಾರ್ಕಿನಲ್ಲಿ ಅದು ತಪ್ಪಿತ್ತು. ಈ ಸಲ ಅವಳು ತಲೆ ಎತ್ತದೆ ಬರೆದಳು. ಹಡಗು ಬಂತು, ಕೋಟು ಬಂತು, ನಾಯಿ ಬಂತು. ಕೊನೆಗೆ ಆರು ಮುಖ. ಒಬ್ಬನ ಕಣ್ಣಿಗೆ ಬೆವರು ಇಳಿದಿತ್ತು. ಇನ್ನೊಬ್ಬ ಪಕ್ಕದವನ ಹತ್ತಿರ ಗುಸುಗುಸು ಮಾತಾಡುತ್ತಿದ್ದ.

“ಏನಿದು? ಇಲ್ಲದ್ದನ್ನೆಲ್ಲ ಯಾಕೆ ಹಾಕಿದೆ?” ಸರ್ ಬೆನ್ನ ಹಿಂದೆಯೇ ನಿಂತಿದ್ದರು.

“ಸರ್, ಅವರಿಗೆ ಮುಖ ಇತ್ತು ಸರ್.”

“ನೀನು ಹೋಗಿ ನೋಡಿದ್ಯಾ?”

ಕ್ಲಾಸು ಗೊಳ್ಳೆಂದು ನಕ್ಕಿತು. ಪಕ್ಕದಲ್ಲಿ ಕೂತಿದ್ದ ಸೋಡಾಬುಡ್ಡಿಯೂ ದಪ್ಪ ಕನ್ನಡಕ ಸರಿಮಾಡಿಕೊಂಡು ನಕ್ಕಳು. ಮೊಂಡಿಯ ಕಿವಿ ಬಿಸಿಯಾಯಿತು.

“ಇಲ್ಲ ಸರ್. ಆದ್ರೆ ಕಣ್ಣಿಲ್ಲದೆ ನಡೆದ್ರೆ ಪೆಟ್ಟಿಗೆ ಸಮೇತ ಸಮುದ್ರಕ್ಕೆ ಬೀಳಲ್ವಾ?”

ಮತ್ತೆ ನಗು. ಈ ಸಲ ಅದು ಅವಳ ಮೇಲಲ್ಲ.

ಸರ್ ಡೆಸ್ಕಿನ ಮೇಲೆ ರಬ್ಬರ್ ಇಟ್ಟರು. “ಆರೂ ಅಳಿಸು. ಹಾಲ್‌ನಲ್ಲಿ ನಿಂದೇ ಹಾಕ್ತೀನಿ. ಇಲ್ಲಾಂದ್ರೆ ಇಲ್ಲ.”

ಮೊಂಡಿ ರಬ್ಬರ್ ಎತ್ತಿಕೊಂಡಳು. ಆರನೆಯವನಿಗೆ ಇನ್ನೂ ಒಂದೇ ಕಣ್ಣು ಬರೆದಿದ್ದಳು. ಆ ಒಂದು ಕಣ್ಣು ಅವಳನ್ನೇ ನೋಡುತ್ತಿತ್ತು. ಅವಳು ರಬ್ಬರ್ ಕೆಳಗಿಟ್ಟು, ಪೆನ್ಸಿಲ್ ತೆಗೆದು ಇನ್ನೊಂದು ಕಣ್ಣನ್ನೂ ಬರೆದಳು.

“ಅಳಿಸಲ್ಲ ಸರ್.”

“ಹಠ ಮಾಡ್ಬೇಡ.”

“ಹಠ ಅಲ್ಲ ಸರ್. ಅವರನ್ನ ಆಗ್ಲೇ ಒಂದ್ಸಲ ಅಳಿಸಿದಾರೆ. ಇನ್ನೊಂದ್ಸಲ ನಾನ್ಯಾಕೆ ಅಳಿಸ್ಲಿ?”

ಈಗ ಯಾರೂ ನಗಲಿಲ್ಲ. ಸರ್ ರಬ್ಬರ್ ಎತ್ತಿಕೊಂಡು ಮುಂದಿನ ಬೆಂಚಿಗೆ ನಡೆದರು.

ಶುಕ್ರವಾರ ಹಾಲ್‌ನ ಗೋಡೆಯ ಮೇಲೆ ಸೋಡಾಬುಡ್ಡಿಯ ಚಿತ್ರವಿತ್ತು. ಮೊಂಡಿ ನೋಡದೆ ಹೋಗಬೇಕೆಂದುಕೊಂಡರೂ ಅವಳ ಕಾಲುಗಳು ಅಲ್ಲೇ ನಿಂತವು. ಕೋಟಿನ ಗುಂಡಿಗಳು ಎಷ್ಟು ಚೆನ್ನಾಗಿ ಹೊಳೆಯುತ್ತಿದ್ದವು! ಅವಳು ಇನ್ನೂ ಹತ್ತಿರ ಹೋದಳು. ಕಂದು ಬಣ್ಣದ ಆರು ಮುಖಗಳಲ್ಲಿ ಸಾಸಿವೆಗಿಂತ ಚಿಕ್ಕದಾಗಿ ಎರಡೆರಡು ಚುಕ್ಕಿಗಳಿದ್ದವು.

“ಸರ್‌ಗೆ ಕಾಣ್ಲೇ ಇಲ್ಲ,” ಎಂದು ಯಾರೋ ಕಿವಿಯಲ್ಲಿ ಪಿಸುಗುಟ್ಟಿದರು. ಸೋಡಾಬುಡ್ಡಿ.

ಮೊಂಡಿ ಅವಳ ಕೈ ಹಿಡಿದುಕೊಂಡಳು. ಹಾಲ್ ತುಂಬ ಜನ ಬಂದುಹೋಗುತ್ತಿದ್ದರು. ಹನ್ನೆರಡು ಪುಟ್ಟ ಕಣ್ಣುಗಳು ಅವರನ್ನೆಲ್ಲ ನೋಡುತ್ತಿದ್ದವು. ಆ ಗೋಡೆಯ ಮೇಲೆ ತನ್ನ ಹೆಸರಿಲ್ಲ ಎಂಬುದೇ ಅವಳಿಗೆ ಮರೆತುಹೋಗಿತ್ತು.