ಎಣ್ಣೆ ಮೆತ್ತಿದ ತಂತಿ

ಗುಡ್ಡದ ತುದಿಯ ಕಾವಲು ಗೋಪುರದಿಂದ ವೈರ್‌ಲೆಸ್‌ನಲ್ಲಿ ಸುದ್ದಿ ಬಂತು: ಕಾವಲುಗಾರನ ಕಾಲ ಮೇಲೆ ಬಂಡೆ ಉರುಳಿದೆ, ರಕ್ತ ಸೋರುತ್ತಲೇ ಇದೆ. ಮೇಲೆ ಮಳೆ ಶುರುವಾಗಿತ್ತು. ದಾರಿಗೆ ಅಡ್ಡವಿರುವ ಹೊಳೆ ತುಂಬುವ ಮೊದಲು ಅವನನ್ನು ಕೆಳಗೆ ತರಬೇಕು. ಜೀಪು ಹೊರಟಿತು. ಓಡಿಸುತ್ತಿದ್ದವನು ಕಾವಲುಗಾರನ ತಮ್ಮ. ಪಕ್ಕದಲ್ಲಿ ಅವನ ಹೆಂಡತಿ, ಮೆಕ್ಯಾನಿಕ್. ಹಿಂದೆ ಔಷಧಿ ಚೀಲ ತಬ್ಬಿಕೊಂಡ ನರ್ಸ್.

ಕಾಡು ದಟ್ಟವಾಗುತ್ತ ಹೋಯಿತು. ಮರಗಳ ನಡುವೆ ಧೂಳಿನ ದಾರಿ, ಎಲೆಗಳ ಸಂದಿಯಲ್ಲಿ ಸೋಸಿ ಬೀಳುವ ಬಿಸಿಲು. ಗುಡ್ಡದ ತಲೆಯ ಮೇಲೆ ಮಾತ್ರ ಕಪ್ಪು ಮೋಡ. ಹೊಳೆಯಲ್ಲಿ ಇನ್ನೂ ಮೊಣಕಾಲುದ್ದ ನೀರಿತ್ತು. ಸಲೀಸಾಗಿ ದಾಟಿದರು.

ಕಡಿದಾದ ಏರಿನಲ್ಲಿ ಎಂಜಿನ್ ಕೆಮ್ಮಿತು. ಶಕ್ತಿ ಸೋರಿಹೋಯಿತು. ಜೀಪು ಹಿಂದಕ್ಕೆ ಜಾರಿತು.

“ಸಿಸ್ಟರ್, ಕಲ್ಲು!” ಮೆಕ್ಯಾನಿಕ್ ಕೂಗಿದಳು.

ನರ್ಸ್ ಜಿಗಿದು ಚಕ್ರಕ್ಕೆ ಕಲ್ಲು ಕೊಟ್ಟಳು. ಜೀಪು ನಿಂತಿತು.

ಮೆಕ್ಯಾನಿಕ್ ಗಾಳಿ ಫಿಲ್ಟರಿನ ಮುಚ್ಚಳ ತೆಗೆದಳು. ಬೆರಳಿಂದ ಎಣ್ಣೆ ತೊಟ್ಟಿಕ್ಕಿತು.

“ರೀ, ಇದಕ್ಕೆ ಎಣ್ಣೆ ಹಾಕಿದ್ರಾ?”

“ದಾರೀಲಿ ಧೂಳು ಜಾಸ್ತಿ, ಎಣ್ಣೆಗೆ ಅಂಟಿಕೊಳ್ಳಲಿ ಅಂತ... ಸ್ವಲ್ಪ.”

“ಸ್ವಲ್ಪನಾ? ಇಡೀ ಜೀಪಿಗೆ ಸಾಕು!”

ಗಾಳಿ ಕೊಳವೆಯಿಂದ ಅವಳು, ಒಳಹೋಗುವ ಗಾಳಿ ಅಳೆಯುವ ಅಂಗೈಯಗಲದ ಮೀಟರ್ ಬಿಚ್ಚಿದಳು.

“ಒಳಗಿರೋ ಕೂದಲಿನಂಥ ತಂತಿ ಕರೆಂಟಿಂದ ಬಿಸಿಯಾಗಿರುತ್ತೆ ಸಿಸ್ಟರ್. ಗಾಳಿ ಅದನ್ನ ಆರಿಸುತ್ತೆ, ಬಿಸಿ ಹಾಲು ಊದಿದ ಹಾಗೆ. ಮತ್ತೆ ಬಿಸಿ ಮಾಡೋಕೆ ಎಷ್ಟು ಕರೆಂಟ್ ಬೇಕಾಯ್ತೋ ಅದರ ಮೇಲೆ ಗಾಳಿ ಎಷ್ಟು ಅಂತ ಲೆಕ್ಕ. ಅದಕ್ಕೆ ತಕ್ಕ ಪೆಟ್ರೋಲ್. ಈಗ ಫಿಲ್ಟರಿನ ಎಣ್ಣೆ ಗಾಳಿ ಜೊತೆ ಹಾರಿ ಬಂದು, ತಂತಿ ಎಣ್ಣೆ ಕಂಬಳಿ ಹೊದ್ದು ಮಲಗಿದೆ. ಎಂಜಿನ್ ಗಾಳಿ ಕಮ್ಮಿ ಅನ್ಕೊಂಡು ಪೆಟ್ರೋಲೂ ಕಮ್ಮಿ ಬಿಡ್ತಿದೆ.”

ಗಂಡ ಒರೆಸಲು ಬೆರಳು ಚಾಚಿದ. ಅವಳು ಕೈಗೆ ಫಟ್ಟನೆ ಹೊಡೆದಳು. “ಮುಟ್ಟಿದ್ರೆ ತುಂಡಾಗುತ್ತೆ! ಸಿಸ್ಟರ್, ಸ್ಪಿರಿಟ್ ಇದೆಯಾ?”

“ಒಂದೇ ಬಾಟಲಿ. ಅರ್ಧ ಉಳಿಸಿ, ಅಲ್ಲಿ ನನಗೂ ಬೇಕು.”

ಸೂಜಿ ತೆಗೆದ ಸಿರಿಂಜಿನಿಂದ ಮೆಕ್ಯಾನಿಕ್ ತಂತಿಯ ಮೇಲೆ ಮೆಲ್ಲನೆ ಸ್ಪಿರಿಟ್ ಚಿಮ್ಮಿಸಿದಳು. ಗಂಡ ಅಂಗಿ ಬಿಚ್ಚಿ ಫಿಲ್ಟರಿಗೆ ಒತ್ತಿ ಒತ್ತಿ ಎಣ್ಣೆ ಹೀರಿಸಿದ. ಗುಡ್ಡದಲ್ಲಿ ಗುಡುಗಿತು.

“ಹೋಗೋಣ ಕಣೇ!”

“ಪೂರ್ತಿ ಆರಲಿ. ಹಸಿ ಇದ್ದಾಗ ಹಾಕಿದ್ರೆ ತಂತಿಯೇ ಸುಟ್ಟುಹೋಗುತ್ತೆ.”

“ಅಣ್ಣನಿಗೇನಾದ್ರೂ ಆದ್ರೆ ನನ್ನಿಂದಲೇ.”

ಅವಳು ಅವನ ಕೈಯನ್ನು ತನ್ನ ಎಣ್ಣೆಗೈಯಲ್ಲಿ ಹಿಡಿದು ಕೂತಳು. ಪಾಪ, ಪ್ರೀತಿಯಿಂದ ಮಾಡಿದ ತಪ್ಪಿಗೆ ಏನಂತ ಬಯ್ಯುವುದು?

ತಂತಿ ಆರಿತು. ಎಂಜಿನ್ ಗುಡುಗಿಗೇ ಉತ್ತರ ಕೊಟ್ಟಿತು.

ಗೋಪುರದಲ್ಲಿ ನರ್ಸ್ ಗಾಯ ತೊಳೆದು, ಬಿಗಿದು ಕಟ್ಟಿದಳು. ಅವನನ್ನು ಜೀಪಿಗೆ ಹತ್ತಿಸಿಕೊಂಡು ಇಳಿಯುವಷ್ಟರಲ್ಲಿ ಹೊಳೆ ಕೆಂಪಾಗಿ ಚಕ್ರದೆತ್ತರ ಏರಿತ್ತು.

“ನಿಧಾನ. ಆದರೆ ನಿಲ್ಲಿಸಬೇಡಿ!” ಎಂದಳು ಮೆಕ್ಯಾನಿಕ್.

ಜೀಪು ಓಲಾಡಿತು. ಒಂದು ಚಕ್ರ ಜಾರಿತು. ಮತ್ತೆ ನೆಲ ಕಚ್ಚಿತು. ಏರಿತು! ಆಚೆ ದಡ!

ಆಸ್ಪತ್ರೆಯಲ್ಲಿ ಡಾಕ್ಟರು, ಕಾಲು ಉಳಿಯುತ್ತೆ ಎಂದರು. ಕಣ್ಣು ಬಿಟ್ಟ ಅಣ್ಣ ತಮ್ಮನ ಬರಿ ಮೈ ನೋಡಿದ. “ಅಂಗಿ ಎಲ್ಲೋ?”

ತಮ್ಮ ಎಲ್ಲವನ್ನೂ ಒಪ್ಪಿಕೊಂಡ.

“ನನ್ನ ಸೈಕಲ್ಲಿಗೂ ಹೀಗೇ ಮಾಡಿದ್ದ,” ಅಣ್ಣ ನರ್ಸಿನತ್ತ ತಿರುಗಿ ನಕ್ಕ. “ಚೈನಿಗೆ ಹಾಕೋ ಅಂದ್ರೆ ಬ್ರೇಕಿಗೂ ಎಣ್ಣೆ!”

ತಮ್ಮ ಅತ್ತುಬಿಟ್ಟ. ಅಣ್ಣ ತನ್ನ ಹೊದಿಕೆಯ ತುದಿ ಎಳೆದು ಅವನ ಬೆನ್ನಿಗೆ ಹೊದಿಸಿದ.