ಸವೆದ ಪಾದಗಳ ಸಾಲು

"ಪ್ಯಾಂಟ್ ಮೇಲೆತ್ತಿ."

ಅವಳು ತಲೆ ಎತ್ತದೆಯೇ ಹೇಳಿದಳು. ಕೈತುಂಬ ಒದ್ದೆ ಪ್ಲಾಸ್ಟರ್ ಮೆತ್ತಿಕೊಂಡಿತ್ತು. ಎದುರಿನ ಎತ್ತರದ ಕುರ್ಚಿಯಲ್ಲಿ ಯಾರೋ ಬಂದು ಕೂತದ್ದು ಮಾತ್ರ ಗೊತ್ತಾಗಿತ್ತು.

"ಅಲ್ಲ, ನಾನು..."

"ನಾಚಿಕೆ ಪಟ್ಕೊಂಡ್ರೆ ಕಾಲು ಬರಲ್ಲ ಸಾರ್. ಯಾವ್ದು ಬೇಕು? ಎಡನಾ, ಬಲನಾ?"

"ಎರಡೂ... ಇದೆ."

ಅಷ್ಟರಲ್ಲಿ ಅವಳು ಅವನ ಮೊಣಕಾಲು ಹಿಡಿದೇಬಿಟ್ಟಿದ್ದಳು. ಬೆಚ್ಚಗಿತ್ತು! ಗಾಬರಿಯಿಂದ ಇನ್ನೊಂದನ್ನೂ ತಟ್ಟಿ ನೋಡಿದಳು. ಅದೂ ಬೆಚ್ಚಗಿತ್ತು!

"ಇದು ಪೇಷೆಂಟುಗಳು ಕೂರೋ ಕುರ್ಚಿ!" ಎನ್ನುವಾಗ ಅವಳ ಮುಖ ಕೆಂಪಾಗಿತ್ತು.

"ಇಲ್ಲಿಂದ ನಿಮ್ಮ ಕೆಲಸ ಚೆನ್ನಾಗಿ ಕಾಣುತ್ತೆ ಅಂತ ಕೂತೆ. ತಪ್ಪಾಯ್ತು."

ಇಸ್ತ್ರಿ ಹಾಕಿದ ಅವನ ಪ್ಯಾಂಟಿನ ಮೇಲೆ ಅವಳ ಎರಡೂ ಕೈಗಳ ಬಿಳಿ ಅಚ್ಚು ಬಿದ್ದಿತ್ತು. ಮೂಲೆಯಲ್ಲಿ ಚರ್ಮದ ಪಟ್ಟಿ ಹೊಲಿಯುತ್ತಿದ್ದ ಹೆಂಗಸು ಸೂಜಿ ಕೆಳಗಿಟ್ಟು ಹೊಟ್ಟೆ ಹಿಡಿದು ನಕ್ಕಳು. ಕೃತಕ ಕಾಲು ತಯಾರಿಸುವ ಆ ಕೇಂದ್ರದಲ್ಲಿ ಎಲ್ಲರೂ ಅವಳನ್ನು ಹೊಲಿಗೆ ಅತ್ತೆ ಎಂದೇ ಕರೆಯುತ್ತಿದ್ದರು.

"ಅಯ್ಯೋ ಹುಡುಗಿ! ಅವರು ನಮ್ಮನ್ನೆಲ್ಲ ಅಳೆಯೋಕೆ ಬಂದಿರೋರು ಕಣೇ. ನೀನೇ ಮೊದಲು ಅಳತೆ ತಗೊಂಡ್ಬಿಟ್ಟೆ!"

ಅವನ ಕೆಲಸ ಅದೇ. ಯಾರು ಹೇಗೆ ಕೆಲಸ ಮಾಡುತ್ತಿದ್ದಾರೆ ಎಂದು ತಿಳಿಯುವುದಕ್ಕೆ ಸಂಸ್ಥೆಗಳಿಗೆ ಒಂದು ವ್ಯವಸ್ಥೆ ರೂಪಿಸಿಕೊಡುವುದು. ಯಾವುದನ್ನು ಎಣಿಸಬೇಕು, ಯಾವುದಕ್ಕೆ ಎಷ್ಟು ಅಂಕ, ಎಲ್ಲವನ್ನೂ ಅವನೇ ಗೊತ್ತುಮಾಡಬೇಕು. ಅಂದಿನಿಂದ ಅವನಿಗೆ 'ಅಳತೆ ಸಾರ್' ಎಂಬ ಹೆಸರು ಅಂಟಿಕೊಂಡಿತು.

ಅವಳಿಗೆ ಅವನನ್ನು ಕಂಡರೆ ಮೈ ಉರಿಯಬೇಕಿತ್ತು. ಉರಿಯಲಿಲ್ಲ...

ಯಾಕೆಂದರೆ ಅವನು ಕೇಳುತ್ತಿದ್ದ. ಈ ಅಂಚನ್ನು ಯಾಕೆ ಇಷ್ಟು ಹೊತ್ತು ಉಜ್ಜುತ್ತೀರಿ? ಮೂಳೆ ಚುಚ್ಚುವ ಜಾಗ ಬೆರಳಿಗೆ ಹೇಗೆ ಗೊತ್ತಾಗುತ್ತದೆ? ಅವಳ ಸ್ವಂತ ಅಣ್ಣನೂ ಇಷ್ಟು ವರ್ಷದಲ್ಲಿ ಇಂಥದ್ದೊಂದು ಪ್ರಶ್ನೆ ಕೇಳಿದವನಲ್ಲ. ಮಧ್ಯಾಹ್ನದ ಚಹಾ ಹೊತ್ತಿಗೆ ಅವನು ತಾನಾಗಿ ಅವಳ ಮೇಜಿನ ಬಳಿ ಬರತೊಡಗಿದ. ಹೊಲಿಗೆ ಅತ್ತೆ ಬೇಕೆಂದೇ ಕೆಮ್ಮತೊಡಗಿದಳು.

"ನೆಗಡಿನಾ ಅತ್ತೆ?" ಎಂದು ಅವನು ಪಾಪ, ನಿಜವಾಗಿಯೂ ಕೇಳಿದ.

"ನನಗಲ್ಲಪ್ಪ. ಇಲ್ಲಿ ಬೇರೆ ಯಾರಿಗೋ ಜ್ವರ ಬರೋ ಹಾಗಿದೆ."

ಅವಳು ತಲೆ ತಗ್ಗಿಸಿ ಕಾಲಿನ ಅಂಚು ಉಜ್ಜಿದಳು. ಉಜ್ಜಿದ್ದನ್ನೇ ಉಜ್ಜಿದಳು.

ಹೀಗಿರುವಾಗ ಒಂದು ಸೋಮವಾರ ಸೂಚನಾ ಫಲಕದ ಮೇಲೆ ಹೊಸ ಮೌಲ್ಯಮಾಪನದ ಫಲಿತಾಂಶ ಬಂತು. ಮೊದಲನೆಯ ಸ್ಥಾನ ಅವಳ ಹಾಗೆಯೇ ಕಾಲು ಮಾಡುವ ಹಿರಿಯ ಮೇಸ್ತ್ರಿಗೆ. ಕೊನೆಯ ಸ್ಥಾನ... ಅವಳಿಗೆ!

ಕಾರಣವನ್ನೂ ಬರೆದಿದ್ದರು. ದುರಸ್ತಿಗೆಂದು ವಾಪಸ್ ಬಂದ ಪ್ರತಿ ಕಾಲಿಗೂ ಅದನ್ನು ಮಾಡಿದವರ ಅಂಕ ಕಡಿತ. ಅವಳು ಮಾಡಿದ ಕಾಲುಗಳೇ ಎಲ್ಲರದ್ದಕ್ಕಿಂತ ಹೆಚ್ಚು ವಾಪಸ್ ಬಂದಿದ್ದವು. ಕೊನೆಯ ಸ್ಥಾನದವರು ಮುಂದಿನ ಸೋಮವಾರದಿಂದ ಉಗ್ರಾಣಕ್ಕೆ. ಅಂದರೆ ಇನ್ನು ಮುಂದೆ ತಿರುಪು, ಪಟ್ಟಿ, ಡಬ್ಬ... ಯಾರ ಕಾಲನ್ನೂ ಅವಳು ಮುಟ್ಟುವ ಹಾಗಿಲ್ಲ!

ಅವಳು ಸೀದಾ ಅವನ ಕೋಣೆಗೆ ನುಗ್ಗಿದಳು.

"ದಿನಾ ನನ್ನ ಪಕ್ಕ ಕೂತು ಚಹಾ ಕುಡಿದ್ರಲ್ಲ... ಇದಕ್ಕೇನಾ?"

"ಒಂದ್ನಿಮಿಷ ಕೇಳಿ. ಫಲಿತಾಂಶ ಇನ್ನೂ ಹಾಕಬೇಡಿ ಅಂತ ನಿರ್ದೇಶಕರಿಗೆ ಹೇಳಿದ್ದೆ. ಅವರೇ ಆತುರಪಟ್ರು..."

"ನಿಯಮ ಯಾರದ್ದು?"

ಅವನು ಎದುರಿಗಿದ್ದ ಕಡತ ಮುಚ್ಚಿದ.

"ಹೇಳಿ! ವಾಪಸ್ ಬಂದ್ರೆ ಕಡಿತ ಅಂತ ನಿಯಮ ಮಾಡಿದ್ಯಾರು?"

"ನಾನೇ."

"ಸಾಕು ಬಿಡಿ."

ಮಾರನೆಯ ದಿನ ಅವನು ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಕೆಲಸ ಮುಗಿಯಿತು, ಹೊರಟುಹೋದ... ಎಂದುಕೊಂಡಳು. ಅದಕ್ಕಿಂತ ಹೆಚ್ಚು ಅವಳನ್ನು ಸುಟ್ಟದ್ದು ಇನ್ನೊಂದು ಯೋಚನೆ. 'ಲೆಕ್ಕ ಸುಳ್ಳು ಹೇಳುತ್ತಾ? ನನ್ನ ಕೈಯಲ್ಲೇ ದೋಷ ಇದ್ದರೆ? ಇಷ್ಟು ಜನರಿಗೆ ಕೆಟ್ಟ ಕಾಲು ಕೊಟ್ಟೆನಾ ನಾನು...'

ಅದೇ ಹೊತ್ತಿಗೆ ಬಸ್ ಕಂಡಕ್ಟರಮ್ಮ ಒಬ್ಬಳು ಕುಂಟುತ್ತಾ ಒಳಗೆ ಬಂದಳು. ಹಾಕಿಕೊಂಡಿದ್ದು ಇವಳೇ ಮಾಡಿಕೊಟ್ಟ ಕಾಲು.

"ಮತ್ತೆ ಹೋಯ್ತು ನೋಡಮ್ಮ. ಅಂಗಾಲು ಪೂರ್ತಿ ಪಡ್ಚ."

ಅವಳು ಕಂಡಕ್ಟರಮ್ಮನ ಕ್ಷಮೆ ಕೇಳಿದಳು. ಕಂಡಕ್ಟರಮ್ಮನಿಗೆ ಯಾಕೆಂದು ಅರ್ಥವೇ ಆಗಲಿಲ್ಲ.

ಆ ಸೋಮವಾರ ಬಂದೇ ಬಂತು. ಅವಳು ತನ್ನ ಉಜ್ಜುವ ಅರಗಳನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದಾಗ ಹೊಲಿಗೆ ಅತ್ತೆ ಏದುಸಿರು ಬಿಡುತ್ತಾ ಓಡಿಬಂದಳು.

"ಎದ್ದೇಳೇ! ನಿನ್ನ ಅಳತೆ ಸಾರ್ ದುರಸ್ತಿ ಕೋಣೇಲಿ ಮೂಟೆ ಬಿಚ್ಚಿ ಹರಡ್ಕೊಂಡು ಕೂತಿದಾನೆ. ತಲೆ ಕೆಟ್ಟಿದ್ಯೋ ಏನೋ!"

ಅರದ ಗಂಟು ಹಿಡಿದೇ ಓಡಿದ ಅವಳು ಆ ಕೋಣೆಯ ಬಾಗಿಲಲ್ಲೇ ನಿಂತುಬಿಟ್ಟಳು.

ಉದ್ದನೆಯ ಮೇಜಿನ ತುಂಬ ರಬ್ಬರ್ ಪಾದಗಳು! ದುರಸ್ತಿಯಲ್ಲಿ ಬಿಚ್ಚಿ, ಬಿಸಾಡಲೆಂದು ಮೂಟೆ ಕಟ್ಟಿಟ್ಟಿದ್ದ ಹಳೆಯ ಪಾದಗಳು. ಎಲ್ಲವನ್ನೂ ಅಂಗಾಲು ಮೇಲಾಗಿ ಸಾಲಾಗಿ ಇಟ್ಟಿದ್ದ. ಕಿಟಕಿಯಿಂದ ಬಿಸಿಲು ನೇರವಾಗಿ ಅವುಗಳ ಮೇಲೆ ಬೀಳುತ್ತಿತ್ತು.

ಅವನ ಬೂಟಿನ ತುಂಬ ಧೂಳು. ಗಡ್ಡ ಬೆಳೆದಿತ್ತು. ನಿರ್ದೇಶಕರು ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದರು.

"ನನ್ನ ನಿಯಮದ ಮೇಲೆ ನನಗೇ ಅನುಮಾನ ಬಂತು ಸಾರ್," ಅವನು ಅವರಿಗೆ ಹೇಳುತ್ತಿದ್ದ. "ವಾಪಸ್ ಬಂದ ಕಾಲು ಎಣಿಸಿದೆ. ಬರದೇ ಇರೋವು ಎಲ್ಲಿವೆ ಅಂತ ಕೇಳಲೇ ಇಲ್ಲ. ಅದಕ್ಕೆ ಮನೆಮನೆಗೆ ಹೋದೆ. ಮೇಸ್ತ್ರಿ ಮಾಡಿದ ಕಾಲು ಕೇಳಿದ್ರೆ, ಬೀರು ಮೇಲಿಂದ ಇಳಿಸಿ, ಬಟ್ಟೆ ತೆಗೆದು ತೋರಿಸ್ತಾರೆ. ಒಬ್ಬರಂತೂ, 'ತುಂಬಾ ಚೆನ್ನಾಗಿದೆ ಸಾರ್, ಒಂದು ಗೀರೂ ಬಿದ್ದಿಲ್ಲ' ಅಂದ್ರು!"

"ಮತ್ತೆ ಓಡಾಡೋದು?" ಎಂದರು ನಿರ್ದೇಶಕರು.

"ಊರುಗೋಲಲ್ಲಿ. ಕಾಲು ಚುಚ್ಚುತ್ತಂತೆ. ಪಾಪ, ಹೇಳೋಕೆ ಸಂಕೋಚ ಅವರಿಗೆ."

ಅವನು ಅವಳ ಕಡೆ ತಿರುಗಿದ.

"ಇವೆಲ್ಲ ನಿಮ್ಮವು. ಪ್ರತಿಯೊಂದರಲ್ಲೂ ನೀವು ಕೊರೆಯೋ ಗುರುತಿದೆ. ಬನ್ನಿ, ನೋಡಿ."

ಅವಳು ಹತ್ತಿರ ಹೋದಳು. ಒಂದರ ಹಿಮ್ಮಡಿ ಪೂರ್ತಿ ತೆಳ್ಳಗಾಗಿತ್ತು. ಒಂದರ ಮುಂಭಾಗ ಮಾತ್ರ ಸವೆದಿತ್ತು. ಅದು ಏಣಿ ಹತ್ತುವ ಪೇಂಟರನದು, ಗೆರೆಗೆರೆಯಲ್ಲಿ ನೀಲಿ ಬಣ್ಣ ಕೂತಿತ್ತು. ಇನ್ನೊಂದು ಸುತ್ತಲೂ ಒಂದೇ ಸಮ ಸವೆದು ಮಿರಿಮಿರಿ ಮಿಂಚುತ್ತಿತ್ತು.

"ಇದು...?"

"ನೃತ್ಯದ ಟೀಚರ್. ಬೇರೆ ಪಾದ ಹಾಕಿಸ್ಕೊಂಡು ಮತ್ತೆ ಶುರು ಮಾಡಿದಾರೆ."

ಅವಳು ಕೈ ಚಾಚಿದಳು... ಮುಟ್ಟಲು ಧೈರ್ಯ ಬರದೆ ಹಿಂದೆಳೆದುಕೊಂಡಳು. ಎಷ್ಟು ರಸ್ತೆಗಳು! ಎಷ್ಟು ಮೆಟ್ಟಿಲುಗಳು! ಅವಳು ಈ ಗೋಡೆಗಳ ನಡುವೆ ಕೂತು ಉಜ್ಜುತ್ತಿದ್ದಾಗ, ಅವಳಿಗೆ ಗೊತ್ತೇ ಇಲ್ಲದೆ ಇಷ್ಟೆಲ್ಲ ನಡಿಗೆ ನಡೆದುಹೋಗಿತ್ತಾ? ದೊಡ್ಡ ಬೆಟ್ಟದ ಬುಡದಲ್ಲಿ ನಿಂತವಳ ಹಾಗೆ ಉಸಿರು ಸಣ್ಣದಾಯಿತು.

"ಇವು ಕೆಟ್ಟು ವಾಪಸ್ ಬಂದಿದ್ದಲ್ವಾ?" ಎಂದಳು ಪಿಸುಮಾತಿನಲ್ಲಿ.

"ನಡೆದೂ ನಡೆದೂ ಸವೆದು ಬಂದವು. ನಾನು ಅದನ್ನ ತಪ್ಪು ಅಂತ ಎಣಿಸಿದೆ." ಅವನು ಸಾಲಿನಲ್ಲಿ ಓರೆಯಾಗಿದ್ದ ಒಂದು ಪಾದವನ್ನು ನೇರ ಮಾಡಿದ. "ಇಷ್ಟು ವರ್ಷ ಈ ಕೆಲಸ ಮಾಡಿದೀನಿ. ಯಾವ ಫಲಿತಾಂಶ ನೋಡಿನೂ ನನಗೆ ಕೈಮುಗೀಬೇಕು ಅನ್ನಿಸಿರ್ಲಿಲ್ಲ."

ನಿರ್ದೇಶಕರು ಒಂದು ಪಾದವನ್ನು ಎತ್ತಿ, ಬಿಸಿಲಿಗೆ ಹಿಡಿದು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ ಅದರ ಜಾಗದಲ್ಲೇ ಇಟ್ಟರು.

"ಏನಮ್ಮಾ, ಅರ ಯಾಕೆ ಸುತ್ತಿಟ್ಟಿದೀಯಾ? ಬಿಚ್ಚು. ಉಗ್ರಾಣಕ್ಕೆ ಬೇರೆ ಯಾರನ್ನಾದ್ರೂ ನೋಡೋಣ. ಮೇಸ್ತ್ರಿನೂ ಒಂದಷ್ಟು ದಿನ ನಿನ್ನ ಪಕ್ಕ ಕೂರಲಿ." ಅವನತ್ತ ತಿರುಗಿ, "ನೀವು ಮೊದಲಿಂದ ಶುರು ಮಾಡಿ. ಕಾಲು ಹಾಕ್ಕೊಂಡು ನಡೀತಿದಾರಾ ಅಂತ ಮನೆಗೆ ಹೋಗಿ ಕೇಳೋದೇ ಮೊದಲ ಅಳತೆ ಆಗ್ಲಿ," ಎಂದು ಹೊರಟುಹೋದರು.

ಹೊಲಿಗೆ ಅತ್ತೆ ಕಣ್ಣೊರೆಸಿಕೊಂಡು, ಯಾರೂ ಕರೆಯದಿದ್ದರೂ "ಬಂದೆ, ಬಂದೆ" ಎನ್ನುತ್ತಾ ಜಾಗ ಖಾಲಿ ಮಾಡಿದಳು.

ಕೋಣೆಯಲ್ಲಿ ಇಬ್ಬರೇ. ನಡುವೆ ಆ ಪಾದಗಳ ಸಾಲು.

"ಹೇಳಿ ಹೋಗಬಹುದಿತ್ತಲ್ಲ," ಎಂದಳು. "ಬಿಟ್ಟು ಹೋದ್ರಿ ಅಂದ್ಕೊಂಡೆ."

"ಬರಿಗೈಲಿ ನಿಮ್ಮ ಮುಂದೆ ನಿಲ್ಲೋ ಮುಖ ಇರ್ಲಿಲ್ಲ."

"ಈಗ ಇದೆಯಾ?"

"ಈಗ... ಇನ್ನೊಂದು ಹೇಳೋದಿದೆ. ನೀವಂದ್ರೆ ನನಗೆ... ತುಂಬಾ ಇಷ್ಟ."

ಅವಳ ಕಿವಿ ಬಿಸಿಯಾಯಿತು. ಆದರೂ ಬಿಡಲಿಲ್ಲ.

"ಎಷ್ಟು ಅಂತ ಅಳೆದು ನೋಡಿದ್ರಾ?"

"ಇಲ್ಲ. ಹೆದರಿಕೆ ಆಯ್ತು."

ಅವಳಿಗೆ ನಗು, ಅಳು ಎರಡೂ ಒಟ್ಟಿಗೆ ಬಂತು. ಮೇಜಿನ ಈ ಕಡೆಯಿಂದ ಸುತ್ತಿ ಅವನ ಪಕ್ಕಕ್ಕೆ ಹೋಗಿ ನಿಂತಳು.

"ಭಾನುವಾರ ಮನೆಗೆ ಬನ್ನಿ. ಅಮ್ಮನ ಹತ್ರ ಮಾತಾಡಿ."

"ಅಮ್ಮ ತುಂಬಾ ಪ್ರಶ್ನೆ ಕೇಳ್ತಾರಾ?"

"ಬೆವರು ಇಳಿಸ್ತಾರೆ."

"ಪಾಸಾಗ್ಲಿಲ್ಲ ಅಂದ್ರೆ?"

ಅವಳು ಧೂಳು ಮೆತ್ತಿದ ಅವನ ಕೈಯನ್ನು ತನ್ನ ಕೈಗೆ ತೆಗೆದುಕೊಂಡಳು.

"ನಾನು ಪಕ್ಕದಲ್ಲೇ ಕೂತಿರ್ತೀನಿ... ಉತ್ತರ ಹೇಳ್ಕೊಡ್ತೀನಿ."